ಸಿಮೆಂಟು ಸೀಮೆಯ ಲಾರಿ ಚಾಲಕ ಬಂಧುಗಳಿಗೊಂದು ಬಹಿರಂಗ ಪತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಲಾರಿ ಚಾಲಕ ಬಂಧುಗಳೇ,

ಈ ಭಾಗದ ಶಾಲೆಗಳಲ್ಲಿ ದೀರ್ಘಕಾಲ ಗಣಿತವನ್ನು ಬೋಧಿಸಿ ನಿವೃತ್ತನಾದ ನಾನು, ನಿಮ್ಮಲ್ಲಿ ಕೆಲವರಿಗೆ ಮಾಸ್ತರನಾಗಿಯೂ ಕೆಲವರಿಗೆ ನೆರೆಮನೆಯವನಾಗಿಯೂ ಉಳಿದವರಿಗೆ ಇದೇ ಸೀಮೆಯ ನೀರು ಕುಡಿದು ಬೆಳೆದ ಹಿರಿಯನಾಗಿಯೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಹೇಳಬೇಕಾದುದನ್ನು ಒಬ್ಬೊಬ್ಬರ ಕಿವಿಯಲ್ಲಿ ಹೇಳದೆ ಎಲ್ಲರ ಮುಂದೆ ಹೇಳುವುದಕ್ಕೆ ಕಾರಣವೊಂದುಂಟು. ಹಗಲಿರುಳು ದುಡಿದೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯದ ಚಾಲಕನು ಆ ದುಃಸ್ಥಿತಿ ತನ್ನೊಬ್ಬನದೇ ಎಂದು ಭಾವಿಸಿ ಲಜ್ಜೆಯಿಂದ ಬಾಯಿ ಮುಚ್ಚಿಕೊಂಡಿರುತ್ತಾನೆ. ಅವನ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಿಕೊಂಡಿರುವವನ ಸ್ಥಿತಿಯೂ ಅದೇ ಆಗಿದ್ದು, ಅವನೂ ಹಾಗೆಯೇ ಮೌನವಾಗಿರುತ್ತಾನೆ. ಈ ಮೌನವು ಮುರಿಯದೆ ಪರಿಹಾರವಿಲ್ಲ. ನಿಮ್ಮ ಉಪಾರ್ಜನೆಯನ್ನು ಕುರಿತು ಬಹಿರಂಗವಾಗಿ ಆಲೋಚಿಸುವುದರಲ್ಲಿ ನಿಮಗೆ ಅವಮಾನಕರವಾದುದು ಕಿಂಚಿತ್ತೂ ಇಲ್ಲವೆಂಬ ವಿಶ್ವಾಸದಿಂದಲೇ ನಾನು ಮುಂದುವರಿಯುತ್ತೇನೆ.

ನಮ್ಮ ಕಾಗಿಣಾ ತೀರದ ನೆಲವು ಮೇಲೆ ತೊಗರಿಯನ್ನೂ ಒಡಲಲ್ಲಿ ಸುಣ್ಣದ ಕಲ್ಲನ್ನೂ ಧರಿಸಿಕೊಂಡಿರುವ ನೆಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದು ಮಳಖೇಡವೆಂಬ ಹೆಸರಿನಿಂದ ಸೇಡಂ ತಾಲ್ಲೂಕಿನಲ್ಲಿದೆ. ಶಹಾಬಾದಿನ ಫರಸಿ ಕಲ್ಲಿನ ಮೇಲೆ ನಡೆದಾಡದ ಮನೆತನ ಈ ಪ್ರಾಂತದಲ್ಲಿ ವಿರಳ. ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಶಹಾಬಾದಿನಲ್ಲಿ ಆರಂಭವಾದ ಸಿಮೆಂಟಿನ ಉದ್ಯಮವು 1968ರಲ್ಲಿ ವಾಡಿಗೂ, ಮುಂದೆ ಮಳಖೇಡ ಸೇಡಂಗಳಿಗೂ, ಈ ಶತಮಾನದಲ್ಲಿ ಕೋಡ್ಲಾ, ಚಿತ್ತಾಪುರದ ಇಟಗಾ ಮತ್ತು ಚಿಂಚೋಳಿಯ ಛತ್ರಸಾಲಗಳಿಗೂ ವಿಸ್ತರಿಸಿತು. ಕಾರ್ಖಾನೆಗಳ ಒಳಗೆ ಸುಣ್ಣದ ಕಲ್ಲು ಬೆಂದು ಸಿಮೆಂಟಾಗುವುದು ಯಂತ್ರಗಳ ಕೆಲಸವಾದರೆ, ಆ ಸಿಮೆಂಟು ಪೂರ್ವಕ್ಕೆ ತಾಂಡೂರು ದಾಟಿ ಹೈದರಾಬಾದನ್ನೂ, ಪಶ್ಚಿಮಕ್ಕೆ ಸೊಲ್ಲಾಪುರ ಪುಣೆಗಳನ್ನೂ, ದಕ್ಷಿಣಕ್ಕೆ ಬಳ್ಳಾರಿ ಬೆಂಗಳೂರುಗಳನ್ನೂ ಸೇರಿ ಮನೆಯಾಗಿ, ಸೇತುವೆಯಾಗಿ, ಶಾಲೆಯಾಗಿ ನಿಲ್ಲುವುದು ನಿಮ್ಮ ಕೈಯಿಂದ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಹಾರುಬೂದಿಯನ್ನು ಬಲ್ಕರುಗಳಲ್ಲಿ ತುಂಬಿ ತರುವವರು ನೀವು. ಗಣಿಯಿಂದ ಕಲ್ಲು ಹೊರುವ ಟಿಪ್ಪರುಗಳನ್ನು ನಡೆಸುವವರು ನೀವು. ಇಷ್ಟು ಸಂಪತ್ತು ಯಾರ ಕೈಯ ಮೂಲಕ ಹಾದುಹೋಗುತ್ತದೆಯೋ ಆ ಕೈಯಲ್ಲಿ ಅದರ ಅಲ್ಪಾಂಶವೂ ನಿಲ್ಲದಿರುವುದೇಕೆ ಎಂಬುದು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿರುವ ಪ್ರಶ್ನೆ.

ದುಶ್ಚಟಗಳೇ ಇದಕ್ಕೆ ಕಾರಣವೆಂದು ಊರವರು ಸುಲಭವಾಗಿ ತೀರ್ಪು ಕೊಡುವುದನ್ನು ನಾನು ಕೇಳಿದ್ದೇನೆ. ಕೆಲವರ ವಿಷಯದಲ್ಲಿ ಅದು ದಿಟವಾಗಿರಬಹುದು. ಆದರೆ ಬೀಡಿಯನ್ನೂ ಮುಟ್ಟದ, ರಸ್ತೆಯಲ್ಲಿ ಒಪ್ಪೊತ್ತು ಉಂಡು ದಿನ ಕಳೆಯುವ ಸಾತ್ವಿಕ ಚಾಲಕರ ಮನೆಗಳಲ್ಲಿಯೂ ಅದೇ ಬರಿಗೈ ಇರುವುದನ್ನು ಕಂಡವನಿಗೆ ಆ ತೀರ್ಪು ಸಾಲದು. ನನಗೆ ತೋರುವ ಕಾರಣ ಬೇರೆ. ನಿಮ್ಮಲ್ಲಿ ಬಹುತೇಕರು ಒಕ್ಕಲುತನದ ಮನೆಗಳಿಂದ ಬಂದವರು. ತೊಗರಿಯ ಹಣವು ವರ್ಷಕ್ಕೊಮ್ಮೆ, ರಾಶಿಯಾದ ಮೇಲೆ, ಒಟ್ಟಿಗೆ ಮನೆಗೆ ಬರುತ್ತದೆ. ಅದು ಬಂದದ್ದು ಮನೆಮಂದಿಗೆಲ್ಲ ತಿಳಿದಿರುತ್ತದೆ. ಸಾಲ ತೀರಿಸುವುದಕ್ಕಿಷ್ಟು, ಬೀಜಕ್ಕಿಷ್ಟು, ಮದುವೆಗಿಷ್ಟು ಎಂದು ಎಲ್ಲರೂ ಕುಳಿತು ಹಂಚುವ ಪರಿಪಾಟಿಯಿದೆ. ಲಾರಿಯ ಹಣವಾದರೋ ತದ್ವಿರುದ್ಧವಾದ ಸ್ವಭಾವದ್ದು: ಅದು ಟ್ರಿಪ್ಪಿಗೊಮ್ಮೆ, ಚೂರುಚೂರಾಗಿ, ನಗದಾಗಿ, ಮನೆಯಿಂದ ನೂರಾರು ಮೈಲು ದೂರದಲ್ಲಿ, ನಿಮ್ಮೊಬ್ಬರ ಕೈಗೆ ಬರುತ್ತದೆ ಮತ್ತು ಬಂದ ದಾರಿಯಲ್ಲಿಯೇ ಕರಗುತ್ತದೆ. ತಿಂಗಳ ಸಂಬಳವೊಂದನ್ನೇ ನೀವೂ ನಿಮ್ಮ ಮನೆಯವರೂ ದುಡಿಮೆಯೆಂದು ಎಣಿಸುತ್ತೀರಿ. ಬತ್ತೆಯನ್ನೂ ಟ್ರಿಪ್ಪಿನ ಉಳಿಕೆಯನ್ನೂ ರಸ್ತೆಯ ಪಾಲೆಂದು ಬಿಟ್ಟುಬಿಡುತ್ತೀರಿ. "ಈ ತಿಂಗಳ ಕೈಯಾಗ ಎಷ್ಟ ಉಳೀತ್ರಿ?" ಎಂದು ಮನೆಯಾಕೆ ಕೇಳಿದರೆ, "ಎಲ್ಲಿ ಉಳಿತದ? ಎಲ್ಲಾ ರೋಡ್ ತಿಂದು ಹೋಯ್ತು" ಎಂಬ ಉತ್ತರವು ಸಿದ್ಧವಾಗಿರುತ್ತದೆ. ರಸ್ತೆ ಎಷ್ಟು ತಿಂದಿತು, ಯಾವ ಲೆಕ್ಕದಲ್ಲಿ ತಿಂದಿತು ಎಂದು ಮರುಪ್ರಶ್ನೆ ಮಾಡಿದರೆ ಆಕೆಗೂ ಉತ್ತರವಿಲ್ಲ, ನಿಮಗೂ ಇಲ್ಲ.

ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು, ಮತ್ತು ಅದನ್ನು ನಿಮ್ಮ ವೃತ್ತಿಯಿಂದಲೇ ಕಲಿತಿದ್ದೇನೆ. ಕಾರ್ಖಾನೆಯ ಗೇಟಿನೊಳಗೆ ಹೋದ ಲಾರಿಯು ಮೊದಲು ಖಾಲಿಯಾಗಿ ಕಾಟಾದ ಮೇಲೆ ನಿಲ್ಲುತ್ತದೆ. ಲೋಡಾದ ಮೇಲೆ ಮತ್ತೊಮ್ಮೆ ನಿಲ್ಲುತ್ತದೆ. ಈ ಎರಡು ತೂಕಗಳ ನಡುವಣ ಅಂತರವೇ ಮಾಲೆಂದು ಬಿಲ್ಟಿಯಲ್ಲಿ ದಾಖಲಾಗುತ್ತದೆ. ಐವತ್ತು ಕಿಲೋದ ಚೀಲ ಇಪ್ಪತ್ತಾದರೆ ಒಂದು ಟನ್ನು. ಒಂದು ಚೀಲ ಕಡಿಮೆಯಾದರೂ, ಒಂದು ಚೀಲ ಹರಿದರೂ, ನಿಮ್ಮ ಬಾಡಿಗೆಯಲ್ಲಿ ಹಿಡಿಯುತ್ತಾರೆ. ಇತರರ ಮಾಲನ್ನು ಇಷ್ಟು ಕಟ್ಟುನಿಟ್ಟಾಗಿ ತೂಗಿಸಿ ತಲುಪಿಸುವ ನೀವು, ನಿಮ್ಮ ಸ್ವಂತ ದುಡಿಮೆಯನ್ನು ಮಾತ್ರ ಯಾವ ಕಾಟಾದ ಮೇಲೂ ನಿಲ್ಲಿಸುವುದಿಲ್ಲ. ಮನೆ ಬಿಡುವಾಗ ಜೇಬಿನಲ್ಲಿದ್ದುದೆಷ್ಟು, ಮನೆಗೆ ಮರಳಿದಾಗ ಇರುವುದೆಷ್ಟು ಎಂಬ ಎರಡು ತೂಕಗಳನ್ನೂ, ಅವುಗಳ ನಡುವೆ ಬಂದುದನ್ನೂ ಹೋದುದನ್ನೂ ಬರೆದಿಡುವವನಿಗೆ ತನ್ನ ಸಂಪಾದನೆಯ ನಿಜ ತಿಳಿಯುತ್ತದೆ. ನಿಜ ತಿಳಿದವನಿಗೆ ಮಾತ್ರ ಅದನ್ನು ಉಳಿಸುವ ಉಪಾಯವೂ, ನ್ಯಾಯವಾಗಿ ತನಗೆ ಸಲ್ಲಬೇಕಾದುದನ್ನು ಕೇಳುವ ಧೈರ್ಯವೂ ಬರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ಹತ್ತು ಗಾಲಿಯ ಗಾಡಿಯೊಂದರ ಮೇಲೆ ಸಂಬಳದ ಚಾಲಕನಾಗಿರುವವನು, ಒಮ್ಮೆ ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ಸಿಕ್ಕಾಗ ಡೀಸೆಲ್ಲಿನ ಕಲೆಗಳಿದ್ದ ಒಂದು ಕಿರುಪುಸ್ತಕವನ್ನು ನನ್ನ ಕೈಗಿತ್ತನು. ಪುಟದ ನಡುವೆ ಗೆರೆಯೆಳೆದು ಎಡಕ್ಕೆ 'ಬಂದದ್ದು', ಬಲಕ್ಕೆ 'ಹೋದದ್ದು' ಎಂದು ಬರೆದಿದ್ದನು. ಎಡಗಡೆಯಲ್ಲಿ ಇದ್ದುದು ಒಂದೇ ಸಾಲು: ಬತ್ತೆ 1,500. ಬಲಗಡೆಯಲ್ಲಿ ಊಟ 420, ಚಹಾ ಮತ್ತು ಗುಟಕಾ 180, ಹಮಾಲರಿಗೆ 300, ತಾಡಪತ್ರಿ ಕಟ್ಟಿದವನಿಗೆ 100, ಕ್ಲೀನರನಿಗೆ ಕೈಖರ್ಚಿಗೆ 200. ಅಡಿಯಲ್ಲಿ, ಉಳಿದದ್ದು 300. ಇಂಥ ಪುಟಗಳು ಮೂರು ತಿಂಗಳು ತುಂಬಿದ ಮೇಲೆ ಅವನಿಗೆ ಎರಡು ಸಂಗತಿಗಳು ಸ್ಪಷ್ಟವಾದವು. ತಿಂಗಳಿಗೆ ಹತ್ತು ಟ್ರಿಪ್ಪೆಂದರೂ ಚಹಾ ಗುಟಕಾಗಳಿಗೆ ವರ್ಷಕ್ಕೆ 21,600 ರೂಪಾಯಿ ಹೋಗುತ್ತಿತ್ತು. ಅದು ಅವನ ಮಗಳ ಶಾಲೆಯ ಶುಲ್ಕಕ್ಕಿಂತ ಹೆಚ್ಚು. ಇನ್ನೂ ಮಹತ್ತರವಾದ ಎರಡನೆಯ ಸಂಗತಿಯೆಂದರೆ, ಹಮಾಲಿಯೂ ತಾಡಪತ್ರಿಯ ಕೂಲಿಯೂ ನ್ಯಾಯವಾಗಿ ಬಾಡಿಗೆಯ ಖರ್ಚಾಗಿದ್ದು, ಅವನ್ನು ಅವನು ತಿಳಿಯದೆಯೇ ತನ್ನ ಬತ್ತೆಯಿಂದ ತೆರುತ್ತ ಬಂದಿದ್ದನು. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಗಳ ಈ ಭಾರವನ್ನು ಅವನು ಪುಸ್ತಕಸಮೇತ ತನ್ನ ಸಾವ್ಕಾರನಾದ ಗಾಡಿಯ ಮಾಲೀಕನ ಮುಂದಿಟ್ಟಾಗ, ಬಾಯಿಮಾತಿನ ದೂರುಗಳನ್ನೆಲ್ಲ ನಕ್ಕು ತಳ್ಳಿಹಾಕುತ್ತಿದ್ದ ಆ ಮನುಷ್ಯನು ಬರಹದ ಮುಂದೆ ವಾದಿಸಲಾರದೆ ಹಮಾಲಿಯನ್ನು ಬೇರೆಯಾಗಿ ಕೊಡಲು ಒಪ್ಪಿದನು. ಮಾಲೀಕರೆಲ್ಲರೂ ಹೀಗೆಯೇ ಒಪ್ಪುವರೆಂದು ನಾನು ಹೇಳಲಾರೆ. ಆದರೆ ಲೆಕ್ಕವಿಲ್ಲದವನ ಮಾತಿಗೆ ಒಪ್ಪುವವರು ಯಾರೂ ಇಲ್ಲ.

ಇನ್ನು ಮುಂಗಡದ ವಿಷಯ. ಹಬ್ಬಕ್ಕೆ, ಆಸ್ಪತ್ರೆಗೆ, ಮದುವೆಗೆ ಎಂದು ಸಾವ್ಕಾರನಿಂದ ತೆಗೆದುಕೊಂಡ ಅಡ್ವಾನ್ಸು ಮೇಲ್ನೋಟಕ್ಕೆ ಉಪಕಾರವಾಗಿ ಕಾಣುತ್ತದೆ. ಆದರೆ ಅದು ತೀರುವವರೆಗೆ ಒಳ್ಳೆಯ ಸಂಬಳ ಕೊಡುವ ಮತ್ತೊಂದು ಗಾಡಿಗೆ ಹೋಗುವ ಸ್ವಾತಂತ್ರ್ಯವನ್ನು ಅದು ಕಿತ್ತುಕೊಳ್ಳುತ್ತದೆ. ಹೊರಗಿನ ಕೈಸಾಲವಂತೂ ಇದಕ್ಕಿಂತ ಕ್ರೂರವಾದುದು. ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದು ಹಗುರವಾಗಿ ಹೇಳುತ್ತಾರೆ. ಅದು ತಿಂಗಳಿನ ಬಡ್ಡಿಯಾದುದರಿಂದ ವರ್ಷಕ್ಕೆ ನೂರಕ್ಕೆ ಮೂವತ್ತಾರಾಯಿತು. ಐವತ್ತು ಸಾವಿರ ತಂದವನು ತಿಂಗಳಿಗೆ 1,500ರಂತೆ ವರ್ಷಕ್ಕೆ 18,000 ರೂಪಾಯಿ ತೆತ್ತಮೇಲೂ ಅಸಲು ಐವತ್ತು ಸಾವಿರವು ಹಾಗೆಯೇ ನಿಂತಿರುತ್ತದೆ. ಮೂರು ವರ್ಷಗಳಾಗುವುದರೊಳಗೆ ಬಡ್ಡಿಯೇ ಅಸಲನ್ನು ಮೀರಿರುತ್ತದೆ. ಸಂಬಳವು ಬ್ಯಾಂಕಿನ ಖಾತೆಗೆ ಬೀಳುವ ಚಾಲಕನಿಗೆ ಇದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಾಲ ದೊರೆಯುವ ದಾರಿ ತೆರೆದಿರುತ್ತದೆ. ನಗದಾಗಿ ಸಂಬಳ ಪಡೆಯುವವನ ದುಡಿಮೆಗೆ ಸಾಕ್ಷ್ಯವೇ ಇಲ್ಲದುದರಿಂದ ಅವನು ಕೈಸಾಲದ ಬಾಗಿಲಿಗೇ ಹೋಗಬೇಕಾಗುತ್ತದೆ. ನಮ್ಮ ಕಡೆಯ ಭಿಶಿಯ ಪದ್ಧತಿಯನ್ನು ನಾನು ನಿಂದಿಸುವುದಿಲ್ಲ. ಪರಸ್ಪರ ಬಲ್ಲ ಹತ್ತು ಮಂದಿ ಸೇರಿ ನಡೆಸುವ ಸಣ್ಣ ಭಿಶಿಯು ಒತ್ತಾಯದ ಉಳಿತಾಯವನ್ನು ಕಲಿಸುತ್ತದೆ. ಆದರೆ ಅಪರಿಚಿತರು ನಡೆಸುವ ದೊಡ್ಡ ಚೀಟಿಗೆ ಸೇರುವ ಮುನ್ನ, ಅದು 1982ರ ಚಿಟ್ ಫಂಡ್ ಕಾಯಿದೆಯ ಮೇರೆಗೆ ನೋಂದಣಿಯಾಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಹಾಗೆ ಕೇಳಿದುದಕ್ಕೆ ಮುನಿಸಿಕೊಳ್ಳುವವನ ಕೈಗೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ.

ಫೈನಾನ್ಸಿನಿಂದ ಗಾಡಿ ತೆಗೆದುಕೊಂಡು ತಾವೇ ಮಾಲೀಕರೂ ತಾವೇ ಚಾಲಕರೂ ಆಗಿರುವ ಬಂಧುಗಳಿಗೆ ಒಂದೆರಡು ಮಾತುಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಬಾಡಿಗೆಯಲ್ಲಿ ಡೀಸೆಲ್ಲು, ಟೋಲು, ಕಂತು ಕಳೆದು ಉಳಿದುದೆಲ್ಲ ಲಾಭವೆಂದು ತಿಳಿಯುವುದು ನಿಮ್ಮಲ್ಲಿ ಸರ್ವಸಾಮಾನ್ಯವಾದ ಭ್ರಮೆ. ಹತ್ತು ಗಾಲಿಯ ಗಾಡಿಗೆ ಹತ್ತು ಟೈರುಗಳು. ಒಂದಕ್ಕೆ ಇಪ್ಪತ್ತು ಸಾವಿರವೆಂದು ಹಿಡಿದರೂ ಎರಡು ಲಕ್ಷ. ಅವು ಎರಡು ವರ್ಷ ಬಾಳಿದರೆ ತಿಂಗಳಿಗೆ ಎಂಟು ಸಾವಿರಕ್ಕೂ ಮಿಕ್ಕಿ ಟೈರುಗಳೇ ಸವೆಯುತ್ತಿವೆಯೆಂದು ಅರ್ಥ. ಆ ಎಂಟು ಸಾವಿರವನ್ನು ತಿಂಗಳು ತಿಂಗಳೂ ಬೇರೆ ಖಾತೆಯಲ್ಲಿಡದೆ ಮನೆಗೆ ಖರ್ಚು ಮಾಡಿದವನು, ಟೈರು ಸಿಡಿದ ದಿನ ಮತ್ತೆ ಮೂರರ ಬಡ್ಡಿಯ ಬಾಗಿಲಿಗೆ ಹೋಗುತ್ತಾನೆ. ವಿಮೆ, ತೆರಿಗೆ, ಪಾಸಿಂಗುಗಳೂ ಹೀಗೆಯೇ: ಅವು ಬರುವ ದಿನ ಮೊದಲೇ ಗೊತ್ತಿದ್ದರೂ ಪ್ರತಿಸಲವೂ ಆಕಸ್ಮಿಕ ವಿಪತ್ತುಗಳಂತೆ ಬಂದೆರಗುತ್ತವೆ. ಆದಕಾರಣ ಗಾಡಿಗೊಂದು ಖಾತೆ, ಮನೆಗೊಂದು ಖಾತೆ ಎಂದು ಎರಡು ಮಾಡಿಕೊಳ್ಳಿರಿ. ಗಾಡಿಯ ಖಾತೆಯಿಂದ ಚಾಲಕನಾದ ನಿಮಗೆ ನೀವೇ ಒಂದು ಸಂಬಳವನ್ನು ಗೊತ್ತುಮಾಡಿ ಮನೆಗೆ ತೆಗೆದುಕೊಳ್ಳಿರಿ. ಸಂಬಳ ಕೊಟ್ಟಮೇಲೆ ಗಾಡಿಯ ಖಾತೆಯಲ್ಲಿ ಏನೂ ಉಳಿಯದಿದ್ದರೆ, ನೀವು ಮಾಲೀಕರಾಗಿ ಏನನ್ನೂ ಗಳಿಸುತ್ತಿಲ್ಲವೆಂಬ ಕಠೋರ ಸತ್ಯವು, ಕಂತು ತಪ್ಪಿ ಫೈನಾನ್ಸಿನವರು ಗಾಡಿ ಎಳೆದೊಯ್ಯುವ ಮೊದಲೇ ನಿಮಗೆ ತಿಳಿಯುತ್ತದೆ.

ಡೀಸೆಲ್ಲಿನ ಬೆಲೆಯು ನಿಮ್ಮ ಅಧೀನದಲ್ಲಿಲ್ಲ. 2025ರ ಏಪ್ರಿಲಿನಲ್ಲಿ ರಾಜ್ಯವು ಡೀಸೆಲ್ಲಿನ ಮೇಲಣ ತೆರಿಗೆಯನ್ನು ಹೆಚ್ಚಿಸಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿದುದು ನಿಮಗೆ ನೆನಪಿದೆ. ಆದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದು ಬಹುಮಟ್ಟಿಗೆ ನಿಮ್ಮ ಕಾಲಿನ ಕೆಳಗಿದೆ. ಆರುನೂರು ಕಿಲೋಮೀಟರಿನ ದಾರಿಗೆ ಲೀಟರಿಗೆ ನಾಲ್ಕು ಕೊಡುವ ಗಾಡಿ ನೂರೈವತ್ತು ಲೀಟರು ಕುಡಿದರೆ, ಮೂರೂವರೆ ಕೊಡುವ ಗಾಡಿ ನೂರ ಎಪ್ಪತ್ತೊಂದು ಲೀಟರು ಕುಡಿಯುತ್ತದೆ. ಲೀಟರಿಗೆ ತೊಂಬತ್ತು ರೂಪಾಯಿಯಂತೆ ಇಪ್ಪತ್ತೊಂದು ಲೀಟರಿಗೆ 1,890 ರೂಪಾಯಿ ಒಂದು ಸಲದ ಪ್ರಯಾಣದಲ್ಲಿಯೇ ನಷ್ಟ. ಟೈರಿನ ಗಾಳಿಯನ್ನು ನೋಡಿಕೊಳ್ಳುವುದು, ಸರದಿಯಲ್ಲಿ ನಿಂತಾಗ ಇಂಜಿನು ಆರಿಸುವುದು, ಒಂದೇ ವೇಗದಲ್ಲಿ ನಡೆಸುವುದು, ಈ ಮೂರೂ ಕಾಸಿಲ್ಲದ ಉಪಾಯಗಳು.

ನಷ್ಟವನ್ನು ತುಂಬಿಕೊಳ್ಳಲು ಓವರ್‌ಲೋಡಿನ ಮೊರೆಹೋಗುವ ಅಭ್ಯಾಸವನ್ನು ಕುರಿತು ನಾನು ಬಲವಾಗಿಯೇ ಹೇಳುತ್ತೇನೆ. 2018ರಲ್ಲಿ ಕೇಂದ್ರ ಸರ್ಕಾರವು ಹತ್ತು ಗಾಲಿಯ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು; 2019ರ ತಿದ್ದುಪಡಿಯು ಮಿತಿ ಮೀರಿದ ಗಾಡಿಗೆ 20,000 ರೂಪಾಯಿ ದಂಡವನ್ನೂ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಯನ್ನೂ ವಿಧಿಸಿತು. ಎರಡು ಟನ್ನು ಹೆಚ್ಚು ಹೇರಿಕೊಂಡವನು ಸಿಕ್ಕಿಬಿದ್ದರೆ 24,000 ರೂಪಾಯಿ ತೆತ್ತು, ಹೆಚ್ಚಿನ ಮಾಲನ್ನು ಅಲ್ಲಿಯೇ ಇಳಿಸುವ ಖರ್ಚನ್ನೂ ಹೊರಬೇಕು. ಎರಡು ಟನ್ನಿನ ಬಾಡಿಗೆಯಿಂದ ಅಷ್ಟನ್ನು ಗಳಿಸಲು ಎಷ್ಟು ಸಲ ತಪ್ಪಿಸಿಕೊಳ್ಳಬೇಕೆಂಬುದನ್ನು ನೀವೇ ಲೆಕ್ಕ ಹಾಕಿರಿ. ಎಲ್ಲರೂ ಹೆಚ್ಚು ಹೇರತೊಡಗಿದೊಡನೆ ಟನ್ನಿನ ಬಾಡಿಗೆಯೇ ಇಳಿಯುತ್ತದೆಂಬ ಮಾತು ಬೇರೆ. ಆಗ ಹೆಚ್ಚು ಹೊತ್ತವನಿಗೂ ಲಾಭವಿಲ್ಲ, ಕಡಿಮೆ ಹೊತ್ತವನಿಗೆ ಬದುಕೇ ಇಲ್ಲ. ಮುರಿದ ಪಟ್ಟಾ, ಸವೆದ ಬ್ರೇಕು, ಕುಸಿದ ರಸ್ತೆಗಳಿಗೆ ತೆರುವ ಬೆಲೆಯನ್ನು ಈ ಲೆಕ್ಕದಲ್ಲಿ ನಾನು ಸೇರಿಸಿಯೇ ಇಲ್ಲ.

ಹಣದ ಮಾತಿನ ನಡುವೆ ದೇಹದ ಮಾತು ಬರುವುದು ಅನುಚಿತವಲ್ಲ, ಏಕೆಂದರೆ ಚಾಲಕನ ನಿಜವಾದ ಬಂಡವಾಳ ಅದೊಂದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ತತ್ತ್ವವನ್ನು ನಿಮ್ಮ ವೃತ್ತಿಗೆ ಗೊತ್ತುಮಾಡಿತ್ತು. ನಮ್ಮ ರಸ್ತೆಗಳಲ್ಲಿ ಆ ತತ್ತ್ವವು ಎಷ್ಟು ಪಾಲಿತವಾಗಿದೆಯೆಂಬುದು ನಿಮ್ಮ ಕೆಂಪಡರಿದ ಕಣ್ಣುಗಳಿಗೆ ಗೊತ್ತು. ಗೇಟಿನ ಹೊರಗೆ ಟೋಕನ್ನು ಹಿಡಿದು ಒಂದು ದಿನ, ಎರಡು ದಿನ ಸರದಿ ಕಾಯುವುದು. ವೈಶಾಖದ ಬಿಸಿಲಿನಲ್ಲಿ, ಕಬ್ಬಿಣದ ಕ್ಯಾಬಿನ್ನಿನೊಳಗೆ ಅಥವಾ ಗಾಡಿಯ ಅಡಿಯ ನೆರಳಿನಲ್ಲಿ ಅರೆನಿದ್ದೆ ಮಾಡುವುದು. ಲೋಡಾದೊಡನೆ ಕಾಯ್ದ ಕಾಲವನ್ನು ತುಂಬಿಕೊಳ್ಳಲು ರಾತ್ರಿಯಿಡೀ ಓಡಿಸುವುದು, ಇದು ನಿಮ್ಮ ನಿತ್ಯಕ್ರಮವಾಗಿಬಿಟ್ಟಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿರುವುದು ಸಂತೋಷದ ವಿಷಯವೇ ಸರಿ. ಆದರೆ ಹಳೆಯ ಗಾಡಿಗಳಲ್ಲಿ ಬೇಯುತ್ತಿರುವವರಿಗೆ ಅದರಿಂದ ಪ್ರಯೋಜನವಿಲ್ಲ. ಕಾಯುವ ಗಂಟೆಗಳನ್ನೂ ನಿಮ್ಮ ಕಿರುಪುಸ್ತಕದಲ್ಲಿ ಬರೆಯಿರಿ: ಗೇಟಿಗೆ ಬಂದ ವೇಳೆ, ಒಳಹೊಕ್ಕ ವೇಳೆ, ಹೊರಬಂದ ವೇಳೆ. ಕಾಯ್ದುದಕ್ಕೆ ಹಾಲ್ಟಿಂಗ್ ಹಣ ಕೇಳುವ ದಿನ ಈ ಬರಹವೇ ನಿಮ್ಮ ವಕೀಲ. ನಿದ್ದೆಗೆಟ್ಟು ಗಳಿಸಿದ ಒಂದು ಹೆಚ್ಚಿನ ಟ್ರಿಪ್ಪನ್ನು ಲಾಭವೆಂದು ಎಂದೂ ಬರೆಯಬೇಡಿರಿ. ಅದು ನಿಮ್ಮ ಆಯುಷ್ಯದಿಂದ ತೆಗೆದ ಸಾಲ.

ಅಪಘಾತದ ಮಾತನ್ನು ಎತ್ತುವುದಕ್ಕೆ ನಮ್ಮಲ್ಲಿ ಹಿಂಜರಿಕೆಯಿದೆ. ಅಶುಭವೆಂದು ಬಾಯಿ ಮುಚ್ಚಿಸುತ್ತಾರೆ. ಆದರೂ ಎತ್ತದಿರಲಾರೆ. ಮತ್ತೊಂದು ವಾಹನದ ತಪ್ಪಿನಿಂದ ಮೂವತ್ತೆಂಟು ವರ್ಷದ ಚಾಲಕನೊಬ್ಬನು ಮಡಿದು, ನಾಲ್ವರು ಅವಲಂಬಿತರು ಉಳಿದರೆಂದು ಭಾವಿಸಿರಿ. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಕಿಕೊಟ್ಟ ಸೂತ್ರದಂತೆ, ಆತನ ವಾರ್ಷಿಕ ಆದಾಯದಲ್ಲಿ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗವನ್ನು ಕಳೆದು, ಉಳಿದುದನ್ನು ಹದಿನೈದರಿಂದ ಗುಣಿಸಿ ಪರಿಹಾರವನ್ನು ಎಣಿಸುತ್ತಾರೆ. ಸಂಬಳ ಬತ್ತೆಗಳು ಕೂಡಿ ಅವನ ನಿಜವಾದ ದುಡಿಮೆ ತಿಂಗಳಿಗೆ 25,000 ಆಗಿದ್ದು, ಅದಕ್ಕೆ ಕಾಗದದ ಸಾಕ್ಷ್ಯವಿಲ್ಲದ ಕಾರಣ ನ್ಯಾಯಮಂಡಳಿಯು ಅಂದಾಜಿನ ಮೇಲೆ 15,000 ಎಂದೇ ಹಿಡಿಯಿತೆನ್ನಿ. ತಿಂಗಳಿಗೆ ಹತ್ತು ಸಾವಿರದ ಅಂತರ, ವರ್ಷಕ್ಕೆ 1,20,000. ನಾಲ್ಕನೆಯ ಒಂದು ಭಾಗ ಕಳೆದರೆ 90,000. ಹದಿನೈದರಿಂದ ಗುಣಿಸಿದರೆ 13,50,000 ರೂಪಾಯಿ. ಬ್ಯಾಂಕಿಗೆ ಸಂಬಳ ಹಾಕಿಸಿಕೊಳ್ಳದ, ಬತ್ತೆಯನ್ನು ಎಲ್ಲಿಯೂ ಬರೆಯದ, ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಒಂದು ಅಲಕ್ಷ್ಯದಿಂದ ಒಬ್ಬ ವಿಧವೆಯೂ ಅವಳ ಮಕ್ಕಳೂ ಕಳೆದುಕೊಳ್ಳುವ ಮೊತ್ತವಿದು. ಗಣಿತವನ್ನು ಕಲಿಸುತ್ತಿದ್ದ ಕಾಲದಲ್ಲಿ ಇದಕ್ಕಿಂತ ಮುಖ್ಯವಾದ ಗುಣಾಕಾರವೊಂದನ್ನು ನಾನು ಯಾವ ತರಗತಿಯಲ್ಲಿಯೂ ಬಿಡಿಸಿ ತೋರಿಸಲಿಲ್ಲ.

ಇದಲ್ಲದೆ ಅತ್ಯಲ್ಪ ವ್ಯಯದಲ್ಲಿ ದೊರೆಯುವ ರಕ್ಷಣೆಗಳು ಕೆಲವುಂಟು. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದಿಂದಾದ ಮರಣಕ್ಕೆ 2 ಲಕ್ಷವನ್ನೂ, 436 ರೂಪಾಯಿಯ ಜೀವನ ಜ್ಯೋತಿ ಯೋಜನೆಯು ಯಾವ ಕಾರಣದಿಂದಾದ ಮರಣಕ್ಕೂ 2 ಲಕ್ಷವನ್ನೂ ಕೊಡುತ್ತದೆ. ಇವೆರಡಕ್ಕೂ ಬೇಕಾದುದು ಬ್ಯಾಂಕಿನ ಒಂದು ಖಾತೆ, ಮತ್ತು ಮೇ ತಿಂಗಳ ಕೊನೆಯಲ್ಲಿ ಆ ಖಾತೆಯಲ್ಲಿ ಅಷ್ಟು ಹಣ. ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯ ವತಿಯಿಂದ ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗಾಗಿ ಅಪಘಾತ ಪರಿಹಾರ ಯೋಜನೆಯಿದ್ದು, ಅಪಘಾತದಲ್ಲಿ ಮಡಿದವರ ಕುಟುಂಬಕ್ಕೆ 5 ಲಕ್ಷ ರೂಪಾಯಿಗಳ ನೆರವನ್ನು ಅದು ಗೊತ್ತುಮಾಡಿದೆ. 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ರಾಜ್ಯವು ಪ್ರತ್ಯೇಕ ಕಾಯಿದೆಯನ್ನೂ ಮಾಡಿದೆ. ಮಾಲೀಕ-ಚಾಲಕರಿಗೆ ಗಾಡಿಯ ವಿಮೆಯೊಂದಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯು 2018ರಿಂದ ಬಂದಿದೆ. ಆದರೆ ಚಾಲನಾ ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗದೆ ಮುಗಿದುಹೋಗಿದ್ದರೆ, ಗಾಡಿಯ ಪಾಸಿಂಗು ತಪ್ಪಿದ್ದರೆ, ಈ ಬಾಗಿಲುಗಳಲ್ಲಿ ಹಲವು ಮುಚ್ಚಿಹೋಗುತ್ತವೆ ಅಥವಾ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತವೆ. ಸೂಕ್ಷ್ಮವಾದ ಇನ್ನೊಂದು ವಿಷಯ: ಈ ಕಾಗದಗಳು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿದ್ದರೆ ಗಾಡಿಯೊಂದಿಗೇ ನಾಶವಾಗಬಹುದು, ಅವುಗಳ ಒಂದೊಂದು ಪ್ರತಿಯು ಮನೆಯ ಟ್ರಂಕಿನಲ್ಲಿರಬೇಕು, ಅದು ಎಲ್ಲಿದೆಯೆಂದು ಮನೆಯಾಕೆಗೆ ತಿಳಿದಿರಬೇಕು.

ಮನೆಯಾಕೆಯ ಮಾತು ಬಂದುದರಿಂದ ನಮ್ಮ ಕಲ್ಯಾಣದ ಶರಣರ ಕಥೆಯೊಂದನ್ನು ನೆನೆಯುತ್ತೇನೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಕಂಡೊಡನೆ ಪ್ರಶ್ನಿಸಿ, ಹೆಚ್ಚಿನದನ್ನು ಬಿದ್ದಲ್ಲಿಗೇ ಮರಳಿಸುವಂತೆ ಹೇಳಿದವಳು ಅವನ ಸತಿ ಲಕ್ಕಮ್ಮ. ಆ ಕಥೆಯನ್ನು ನಾವು ಅಲ್ಪತೃಪ್ತಿಯ ಪಾಠವಾಗಿ ಮಾತ್ರ ಓದುತ್ತೇವೆ. ಆದರೆ ಅದರಲ್ಲಿ ಅಡಗಿರುವ ಮತ್ತೊಂದು ಸಂಗತಿಯನ್ನು ಗಮನಿಸಿರಿ. ಗಂಡನು ಪ್ರತಿದಿನವೂ ತರುತ್ತಿದ್ದುದೆಷ್ಟೆಂಬುದು ಲಕ್ಕಮ್ಮನಿಗೆ ತಿಳಿದಿತ್ತು. ತಿಳಿದಿದ್ದುದರಿಂದಲೇ ಹೆಚ್ಚು ಬಂದುದು ಅವಳ ಕಣ್ಣಿಗೆ ಬಿತ್ತು. ನಿಮ್ಮ ದುಡಿಮೆಯ ಪ್ರಮಾಣವನ್ನು ನಿಮ್ಮ ಸತಿಯು ಅಷ್ಟು ನಿಶ್ಚಿತವಾಗಿ ಬಲ್ಲಳೇ? ಟ್ರಿಪ್ಪಿನಿಂದ ಮರಳಿದ ದಿನ ಕಿರುಪುಸ್ತಕವನ್ನು ಆಕೆಯ ಮುಂದೆ ತೆರೆದಿಡಿರಿ; ಓದುಬರಹ ಬಾರದವಳಾದರೆ ಮಗನೋ ಮಗಳೋ ಓದಿ ಹೇಳಲಿ. ಇದರಿಂದ ಗಂಡಸಿನ ಮರ್ಯಾದೆಗೆ ಕುಂದು ಬರುತ್ತದೆಂದು ಎಣಿಸುವವರು, ತಾವಿಲ್ಲದ ದಿನಗಳಲ್ಲಿ ಕಿರಾಣಿ ಅಂಗಡಿಯ ಉದ್ರಿಯನ್ನೂ ಶಾಲೆಯ ಶುಲ್ಕವನ್ನೂ ಕಂತಿನವನ ಕಟುಮಾತನ್ನೂ ಎದುರಿಸುವವಳು ಆಕೆಯೇ ಎಂಬುದನ್ನು ಮರೆತಿರುತ್ತಾರೆ.

ಮಾಲೀಕರಿಗೂ ಕಾರ್ಖಾನೆಗಳ ಅಧಿಕಾರಿಗಳಿಗೂ ಈ ಪತ್ರದ ಮೂಲಕ ನನ್ನದೊಂದು ಬಿನ್ನಹ. ಚಾಲಕನ ಸಂಬಳವನ್ನು ಖಾತೆಗೆ ಹಾಕುವುದರಿಂದ ನಿಮಗೆ ನಷ್ಟವಿಲ್ಲ. ಪಾರ್ಕಿಂಗ್ ಯಾರ್ಡಿನಲ್ಲಿ ನೆರಳನ್ನೂ ಶೌಚಾಲಯವನ್ನೂ ಕುಡಿಯುವ ನೀರನ್ನೂ ಏರ್ಪಡಿಸುವುದು ದಾನವಲ್ಲ, ಅವನ ಶ್ರಮದಿಂದ ಬಂದ ಲಾಭದ ಅತ್ಯಲ್ಪ ಪ್ರತ್ಯರ್ಪಣೆ. ಆದರೆ ಚಾಲಕ ಬಂಧುಗಳೇ, ಅವರು ಎಚ್ಚೆತ್ತುಕೊಳ್ಳುವವರೆಗೆ ನೀವು ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ನಿಮ್ಮಲ್ಲಿ ಪ್ರತಿ ಯಾರ್ಡಿನಲ್ಲಿಯೂ ಹತ್ತು ಮಂದಿ ಕೂಡಿರಿ. ಯಾವ ಟ್ರಿಪ್ಪಿಗೆ ಯಾರಿಗೆ ಎಷ್ಟು ಬತ್ತೆ, ಹಮಾಲಿ ಯಾರದು, ಹಾಲ್ಟಿಂಗ್ ಎಷ್ಟು ಎಂಬುದನ್ನು ಒಬ್ಬರಿಗೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿರಿ. ಹತ್ತು ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದ ದಿನ, ಯಾರು ಕಡಿಮೆ ಪಡೆಯುತ್ತಿದ್ದಾರೆಂಬುದೂ ಯಾರಿಗೆ ಮೋಸವಾಗುತ್ತಿದೆಯೆಂಬುದೂ ತಾನಾಗಿಯೇ ಕಾಣುತ್ತದೆ. ಅಂದು ನಿಮ್ಮ ಬೇಡಿಕೆಗೆ ಬರುವ ಬಲವು ಕೂಗಾಟದಿಂದ ಎಂದೂ ಬಾರದು.

ಬಂಧುಗಳೇ, ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ಬರುವ ಟ್ರಿಪ್ಪಿನಿಂದಲೇ ಜೇಬಿನಲ್ಲಿ ಒಂದು ಪುಸ್ತಕವನ್ನೂ ಪೆನ್ನನ್ನೂ ಇಟ್ಟುಕೊಳ್ಳಿರಿ. ಮೂರು ತಿಂಗಳು ಏನನ್ನೂ ಬದಲಾಯಿಸದೆ ಬಂದುದನ್ನೂ ಹೋದುದನ್ನೂ ಸುಮ್ಮನೆ ಬರೆಯಿರಿ. ಸಂಬಳವನ್ನು ಖಾತೆಗೆ ಹಾಕುವಂತೆ ಸಾವ್ಕಾರನನ್ನು ಕೇಳಿರಿ. ಇಪ್ಪತ್ತು ರೂಪಾಯಿಯ ವಿಮೆಗೂ ಕಾರ್ಮಿಕ ಇಲಾಖೆಯ ಯೋಜನೆಗೂ ಹೆಸರು ಬರೆಯಿಸಿರಿ. ಪರವಾನಗಿಯ ಅವಧಿ ಎಂದು ಮುಗಿಯುತ್ತದೆಂದು ಇಂದೇ ತೆಗೆದು ನೋಡಿರಿ. ಓದಲು ಬಾರದ ಸಂಗಡಿಗನಿಗೆ ಈ ಪತ್ರವನ್ನು ಸರದಿಯಲ್ಲಿ ನಿಂತಿರುವ ವೇಳೆಯಲ್ಲಿ ಓದಿ ಹೇಳಿರಿ, ಅವನ ಲೆಕ್ಕವನ್ನು ಬರೆದುಕೊಡಿರಿ.

ನಿಮ್ಮೆಲ್ಲರ ಶ್ರೇಯಸ್ಸನ್ನು ಹಾರೈಸುವ,
ನಿವೃತ್ತ ಗಣಿತ ಶಿಕ್ಷಕ